ಬಚ್ಚಲಿನ ಹೊಗೆಕೊಳವೆ

ಟಣ್.

ನಡುರಾತ್ರಿ ಬಚ್ಚಲಿನ ಕಡೆಯಿಂದ ತಗಡಿಗೆ ತಗಡು ತಾಗಿದ ಸದ್ದು. ಎಚ್ಚರಗೊಂಡ ಸುಭಾಷಿಣಿ ಏಳುವ ಧೈರ್ಯ ಸಾಲದೆ ಕಣ್ಣು ಬಿಗಿಮುಚ್ಚಿ ಮಲಗಿದಳು.

ಬೆಳಿಗ್ಗೆ ನಾದಿನಿ ನರ್ಮದಾ ಸ್ನಾನಕ್ಕೆ ಹೋದವಳು ಅಲ್ಲೇ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಹೊರಗೆಳೆದು ಗಾಳಿ ಹಾಕಿದ ಮೇಲೆ ಕಣ್ಣು ಬಿಟ್ಟಳು.

"ತಲೆ ಸಿಡಿಯುತ್ತದೆ, ಅತ್ತಿಗೆ."

ಸುಭಾಷಿಣಿ ಬಚ್ಚಲೊಲೆಯ ಹೊಗೆಕೊಳವೆ ಅಲ್ಲಾಡಿಸಿದಾಗ ಒಳಗಿಂದ ತಗಡಿನ ತುಂಡೊಂದು ಬಿತ್ತು.

"ಲಿಗೋರಿ ಪೊರ್ಬುಗಳದ್ದೇ ಕೆಲಸ!" ಗಂಡ ರಾಮದಾಸ ಅಂದ. "ನಮ್ಮನ್ನು ಮನೆ ಬಿಡಿಸಲಿಕ್ಕೆ!"

ಇರಬಹುದೇ? ಸಂತೆಕಟ್ಟೆಯ ಆ ಸಾಲುಮನೆಗಳ ಬಾಡಿಗೆಯಲ್ಲೇ ಬಚ್ಚಲಿನ ಸೌದೆಯೂ ಸೇರಿತ್ತು. ಸೌದೆ ಹೆಚ್ಚು ಉರಿಸುತ್ತೀರಿ, ಮನೆ ಬಿಡಿ ಎಂದಿದ್ದ ಕ್ರೈಸ್ತ ಮಾಲೀಕ ಲಿಗೋರಿಗೆ ರಾಮದಾಸ ಮಾತು ಕೊಟ್ಟಿದ್ದ — ಹೊಸ ಬಗೆಯ ಒಲೆ ಕಟ್ಟುತ್ತೇನೆ, ಒಂದು ವಾರದಲ್ಲಿ ಸೌದೆ ಅರ್ಧಕ್ಕಿಳಿಯದಿದ್ದರೆ ಹೊರಡುತ್ತೇವೆ. ಇಂದು ಕೊನೆಯ ದಿನ.

ಸುಭಾಷಿಣಿ ಅಂಗಳಕ್ಕಿಳಿದಾಗ ಲಿಗೋರಿ ಎದುರಾದ.

"ರಾತ್ರಿ ಮಾಡಿನ ಹಂಚು ಸರಿಮಾಡಲಿಕ್ಕೆ ಬಂದಿದ್ದಿರಾ, ಪೊರ್ಬುಗಳೇ?"

"ಈ ಹೊಟ್ಟೆ ಹೊತ್ತುಕೊಂಡಾ? ಒಂದು ಹಂಚೂ ಉಳಿಯಲಿಕ್ಕಿಲ್ಲ, ಮಾರಾಯ್ತಿ!" ಲಿಗೋರಿ ನಕ್ಕ. "ಸೌದೆ ಉಳಿದರೆ ಲಾಭ ನನಗೇ ಅಲ್ವಾ?"

ಅವಳು ಮೇಲೆ ನೋಡಿದಳು. ಹಾವಸೆ ಕಟ್ಟಿದ ಹಂಚಿನ ಮೇಲೆ ಒಂದು ಗುರುತೂ ಇಲ್ಲ. ಕೊಳವೆಯ ಟೊಪ್ಪಿ ಬಿಗಿದ ತಂತಿಯ ತುಕ್ಕು ಸಹ ಉದುರಿಲ್ಲ.

ಒಳಗೆ ಬಂದು ಗಂಡನನ್ನು ಕರೆದು ಅಡುಗೆಕೋಣೆಯ ಬಾಗಿಲು ಹಾಕಿದಳು.

"ತಗಡು ಮೇಲಿನಿಂದ ಬಂದದ್ದಲ್ಲ. ಒಲೆಯ ಹತ್ತಿರ ಕೊಳವೆಯ ಜೋಡಣೆ ಬಿಚ್ಚಿ ಇಟ್ಟದ್ದು. ಬಚ್ಚಲಿಗೆ ದಾರಿ ಈ ಕೋಣೆಯಿಂದ ಮಾತ್ರ. ಹೊರಬಾಗಿಲಿನ ಚಿಲಕ ಬೆಳಿಗ್ಗೆ ನಾನೇ ತೆಗೆದೆ. ಹೊರಗಿನವರು ಹೇಗೆ ಬಂದರು?"

ಅವನು ಬಾಗಿಲಿನ ಕಡೆ ತಿರುಗಿದ.

"ನೀವೇ ಅಲ್ವಾ?"

"ಬಿಸಿಯೆಲ್ಲ ಕೊಳವೆಯಲ್ಲೇ ಹೋಗುತ್ತಿತ್ತು... ಅಡ್ಡ ಕೊಟ್ಟರೆ ಹಂಡೆಗೇ ಉಳಿಯುತ್ತದೆ ಅಂತ ದಿನಾ ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಬಂದೆ. ಬರೀ ಕೆಂಡ ಇತ್ತು. ಹೊಗೆಯೇ ಇರಲಿಲ್ಲ!"

"ಹೊಗೆ ಇಲ್ಲದಿದ್ದರೂ ಕೆಂಡದ ಗಾಳಿಯಲ್ಲಿ ವಿಷ ಉಂಟು. ನಿಮ್ಮ ತಂಗಿ ಸಾಯುತ್ತಿದ್ದಳು. ಪೊರ್ಬುಗಳ ಹೆಸರು ಯಾಕೆ ಹೇಳಿದಿರಿ?"

"ಹೆದರಿಕೆ ಆಯಿತು."

ಸಂಜೆ ಲಿಗೋರಿ ಉಳಿದ ಸೌದೆ ನೋಡಿ ಖುಷಿಯಾದ. ಮನೆ ಉಳಿಯಿತು. ಎಲ್ಲ ಮನೆಗಳಿಗೂ ಅದೇ ಒಲೆ ಎಂದ.

ಪಕ್ಕದ ಮನೆಯ ಝೀಟಾ ಬೇಲಿಯ ಬಳಿ ಬಂದಳು. "ಸೌದೆ ಇಷ್ಟು ಉಳಿಸಲಿಕ್ಕೆ ಎಂತ ಮಾಡಿದಿರಿ? ನಮಗೂ ಹೇಳಿ!"

ಒಂದು ಮಾತು ಬಾಯಿಂದ ಬಿದ್ದರೆ ಮನೆ ಹೋಯಿತು. ಹೇಳದಿದ್ದರೆ? ಝೀಟಾಳ ಗಂಡನೂ ಸೌದೆಯ ಲೆಕ್ಕ ತಪ್ಪಿದಾಗ ಕೊಳವೆಗೆ ತಗಡು ಹುಡುಕಿದರೆ?

"ಕೊಳವೆಗೆ ಮಾತ್ರ ಕೈ ಹಚ್ಚಬೇಡಿ, ಝೀಟಾಬಾಯಿ. ಕಿಟಕಿ ತೆರೆದೇ ಇಡಿ."

"ಯಾಕೆ?"

ಸುಭಾಷಿಣಿ ಹೊಸ ಒಲೆ ಇನ್ನೂ ಬಾರದ ಝೀಟಾಳ ಬಚ್ಚಲಿನ ಕಡೆ ನೋಡಿದಳು. ಯಾರಿಗೂ ಹೇಳುವುದಿಲ್ಲ ಎಂದು ಆ ಗಳಿಗೆಯಲ್ಲೇ ನಿಶ್ಚಯಿಸಿದಳು.

"ಹೀಗೇ," ಎಂದಳು.