ತುಂಡುರಾಯನನ್ನು ನೋಡಿ ನಕ್ಕವರು

ದೀಪಗಳು ಆರಿದ ಕೂಡಲೇ ತ್ರಿನೇತ್ರ ಚಿತ್ರಮಂದಿರದ ಕುರ್ಚಿಗಳು ಎಚ್ಚೆತ್ತವು. ಪ್ರತಿ ಕುರ್ಚಿಯ ಬೆನ್ನಿನಲ್ಲಿ ಉಸಿರಾಟವನ್ನು ಗುರುತಿಸುವ ತೆಳುವಾದ ಪಟ್ಟಿ ಇತ್ತು. ಕೈ ಇಡುವ ಎರಡೂ ಕಡೆ ನಾಡಿಯನ್ನೂ ಅಂಗೈಯ ಬೆವರನ್ನೂ ಅಳೆಯುವ ಲೋಹದ ಬಿಲ್ಲೆಗಳಿದ್ದವು. ಎದುರಿನ ಕುರ್ಚಿಯ ಹಿಂಬದಿಯಿಂದ ಸಾಸಿವೆ ಗಾತ್ರದ ಒಂದು ಕಣ್ಣು ಮುಖದ ಸ್ನಾಯುಗಳನ್ನು ನೋಡುತ್ತಿತ್ತು. ಇವೆಲ್ಲವೂ ಸೇರಿದ ಯಂತ್ರವೇ 'ಭಾವಗ್ರಾಹಿ'. ತೆರೆಯ ಮೇಲೆ ಯಾರಿಗಾದರೂ ಪೆಟ್ಟಾದಾಗ ನೋಡುವವರ ನಾಡಿ ಏರಿ, ಅಂಗೈ ತೇವವಾದರೆ ಅವರ ತಲೆಯ ಮೇಲ್ಭಾಗದಲ್ಲಿ ಹಸಿರು ದೀಪ ಹೊತ್ತಿಕೊಳ್ಳುತ್ತಿತ್ತು. ಅವರು 'ಮೃದು' ದರ್ಜೆಯವರು. ನಾಡಿ ಏರದೆ, ಅಂಗೈ ಒದ್ದೆಯಾಗದೆ, ಮೇಲಾಗಿ ನಗುವೂ ಬಂದರೆ ಕೆಂಪು ದೀಪ. ಅವರು 'ಕಠೋರ' ದರ್ಜೆಯವರು.

ಈ ಯಂತ್ರ ಬಂದದ್ದು ಒಂದು ದೊಡ್ಡ ಜಗಳಕ್ಕೆ ಪರಿಹಾರವಾಗಿ. ರಕ್ತ ಚಿಮ್ಮಿಸಿ ನಗಿಸುವ ಚಿತ್ರಗಳನ್ನು ನಿಷೇಧಿಸಬೇಕೆಂದು ಕೆಲವರು, ಕೂಡದೆಂದು ಕೆಲವರು ವರ್ಷಗಟ್ಟಲೆ ಕಾದಾಡಿದ್ದರು. ಕೊನೆಗೆ ಪ್ರೇಕ್ಷಕ ಕ್ಷೇಮ ಮಂಡಳಿಯೊಂದು ಹುಟ್ಟಿಕೊಂಡು, ಚಿತ್ರಕ್ಕೆ ಕತ್ತರಿ ಹಾಕುವುದು ಬೇಡ, ನೋಡುವವರನ್ನು ಅಳೆದರೆ ಸಾಕು ಎಂದು ತೀರ್ಮಾನಿಸಿತು. ಎರಡೂ ಕಡೆಯವರಿಗೆ ಸಮಾಧಾನವಾಯಿತು. ಅಳೆಸಿಕೊಳ್ಳುವವರನ್ನು ಯಾರೂ ಕೇಳಲಿಲ್ಲ.

ಆ ದಿನದ ಚಿತ್ರದಲ್ಲಿ ತುಂಡುರಾಯನೆಂಬ ನಾಯಕ. ಕಾಮಿಕ್ಸ್ ಪುಸ್ತಕಗಳಿಂದ ತೆರೆಗೆ ಬಂದ ಮಹಾಶೂರ. ಅವನ ಅಂಗಾಂಗಗಳನ್ನು ಎಷ್ಟು ಸಲ ಕಡಿದರೂ ಎತ್ತಿಕೊಂಡು ಅಂಟಿಸಿಕೊಳ್ಳಬಲ್ಲ. ಮಧ್ಯಂತರಕ್ಕೆ ಸ್ವಲ್ಪ ಮೊದಲು ಖಳನ ಗರಗಸಕ್ಕೆ ಸಿಕ್ಕಿ ಅವನ ಬಲಗೈ ಹಾರಿಹೋಯಿತು. ಹೊಡೆದಾಟದಲ್ಲಿ ಕಡಿದು ರಸ್ತೆಯ ತುಂಬ ಬಿದ್ದಿದ್ದ ಕೈಗಳ ನಡುವೆ ಅವನು, ದೇವಸ್ಥಾನದ ಹೊರಗೆ ಚಪ್ಪಲಿ ಹುಡುಕುವವನಂತೆ, ಒಂದೊಂದನ್ನೇ ತೊಟ್ಟು ನೋಡತೊಡಗಿದ. ಇದು ಬಿಗಿ, ಇದು ಸಡಿಲ, ಇದು ಎಡಗೈ. ಅಷ್ಟರಲ್ಲಿ ಅವನಿಗೆ ಕಳೆದುಹೋದ ಕೈಯಲ್ಲಿ ತುರಿಕೆ ಶುರುವಾಯಿತು. ಕೈ ನೋಡಿದರೆ ರಸ್ತೆಯ ಆಚೆ ಬದಿಯಲ್ಲಿ, ಖಳನ ಕಾಲ ಬುಡದಲ್ಲಿ ಬಿದ್ದಿದೆ. "ಅಣ್ಣಾ, ಆಮೇಲೆ ಹೊಡೆಯುವಿಯಂತೆ. ಮೊದಲು ಅದರ ಹೆಬ್ಬೆರಳ ಬುಡದಲ್ಲಿ ಒಂಚೂರು ಕೆರೆದುಬಿಡು" ಎಂದು ತುಂಡುರಾಯ ಬೇಡಿಕೊಂಡ. ಖಳ ಒಂದು ಕ್ಷಣ ಯೋಚಿಸಿ, ಗರಗಸ ಕೆಳಗಿಟ್ಟು, ಕುಕ್ಕರಗಾಲಲ್ಲಿ ಕುಳಿತು ಕೆರೆದ.

ಮಂದಿರದ ಹೆಚ್ಚಿನವರು ಮುಖ ಹಿಂಡಿಕೊಂಡರು. ಆದರೆ ನಡುವಿನ ಒಂದು ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಸಾಲಿನಲ್ಲಿ ನಕ್ಕವರಲ್ಲೆಲ್ಲ ಜೋರಾಗಿ ನಕ್ಕವಳು ಮುನಿರತ್ನಮ್ಮ. ಅವಳ ಕುರ್ಚಿಯ ದೀಪ ಕೆಂಡದಂತೆ ಹೊಳೆಯಿತು. ಒಂದೊಂದಾಗಿ ಇಡೀ ಸಾಲು ಕೆಂಪಾಯಿತು. ತುದಿಯ ಒಂದು ಕುರ್ಚಿಯಲ್ಲಿ ಮಾತ್ರ ಹಸಿರು ದೀಪ ಒಂದೇ ಸಮನೆ ಉರಿಯುತ್ತಿತ್ತು.

ಮುನಿರತ್ನಮ್ಮ ಇಪ್ಪತ್ತರ ಹರೆಯದಲ್ಲಿ ದೊಡ್ಡಬಳ್ಳಾಪುರದ ಹೊರಗಿನ ಕಾರ್ಖಾನೆಯೊಂದರ ಪ್ರೆಸ್ಸಿನಡಿ ಎಡಗೈ ಕಳೆದುಕೊಂಡವಳು. ಈಗ ಅದೇ ಊರಿನ ಕೃತಕ ಅಂಗ ಕೇಂದ್ರದಲ್ಲಿ ತರಬೇತಿ ಕೊಡುವವಳು. ಹೊಸದಾಗಿ ಬಂದವರಿಗೆ ಗುಂಡಿ ಹಾಕುವುದು, ಹಿಟ್ಟು ನಾದುವುದು, ಬಸ್ಸಿನ ಕಂಬಿ ಹಿಡಿಯುವುದು ಎಲ್ಲವನ್ನೂ ಕಲಿಸುತ್ತಿದ್ದಳು. ಮೊದಲ ದಿನವೇ ತನ್ನ ಕೈಯನ್ನು ಕಳಚಿ ಮೇಜಿನ ಮೇಲಿಟ್ಟು, "ಸ್ವಲ್ಪ ಅದನ್ನ ಇತ್ಲಾಗೆ ಕೊಡಪ್ಪ" ಎನ್ನುವುದು ಅವಳ ಪಾಠದ ಕ್ರಮ. ಎರಡನೆಯ ತಿಂಗಳಲ್ಲಿ ಎಲ್ಲರನ್ನೂ ಸಿನಿಮಾಕ್ಕೆ ಕರೆದೊಯ್ಯುವುದೂ ಆ ಕ್ರಮಕ್ಕೇ ಸೇರಿತ್ತು. ಆ ದಿನ ಅವಳ ಪಕ್ಕದಲ್ಲಿದ್ದವರೆಲ್ಲ ಕೈಯನ್ನೋ ಕಾಲನ್ನೋ ಕಳೆದುಕೊಂಡವರು. ಹಸಿರು ದೀಪದ ಕೆಳಗೆ ಕುಳಿತಿದ್ದವನು ಸಿದ್ದಗಂಗಯ್ಯ. ಅಂಥದೇ ಪ್ರೆಸ್ಸಿನಡಿ ಬಲಗೈ ಹೋಗಿ ಕೆಲವೇ ತಿಂಗಳಾಗಿದ್ದ ಅವನು ಕೇಂದ್ರಕ್ಕೆ ಬಂದಾಗಿನಿಂದ ಯಾರೊಡನೆಯೂ ಎರಡು ಮಾತು ಆಡಿರಲಿಲ್ಲ.

ವಾರ ಕಳೆಯುವುದರೊಳಗೆ ಮಂಡಳಿಯಿಂದ ಸೂಚನೆ ಬಂತು. ಗಾಯಗೊಂಡವರ ಸೇವೆ ಮಾಡುವ ಕೆಲಸದಲ್ಲಿ ಕಠೋರ ದರ್ಜೆಯವರು ಇರುವಂತಿಲ್ಲ. ಮುನಿರತ್ನಮ್ಮ ತಾನು ನಕ್ಕಿದ್ದು ತಪ್ಪೆಂದು ಒಪ್ಪಿ ಸಹಿ ಹಾಕಿ ಮೃದುತ್ವ ಶಿಬಿರಕ್ಕೆ ಸೇರಬೇಕು, ಇಲ್ಲವೇ ಕೆಲಸ ಬಿಡಬೇಕು. ಕೇಂದ್ರದ ನಿರ್ದೇಶಕರು ಒಳ್ಳೆಯ ಮನುಷ್ಯ. ಒಂದು ಸಹಿಯಲ್ಲವೇ, ಹಾಕಿಬಿಡಿ, ಶಿಬಿರದಲ್ಲಿ ಊಟವೂ ಚೆನ್ನಾಗಿರುತ್ತದಂತೆ ಎಂದು ಸಮಾಧಾನ ಹೇಳಿದರು. ಇಪ್ಪತ್ತೈದು ವರ್ಷದಿಂದ ಅವಳಿಗೆ ಆ ಕೆಲಸವೇ ಮನೆ, ಆ ಕೆಲಸವೇ ಬೀದಿ. ಆದರೂ ಅವಳು ಸಹಿ ಹಾಕಲಿಲ್ಲ. ಯಂತ್ರ ಮಾಡಿದವರು ಯಾರು, ಅವರ ವಿಳಾಸ ಕೊಡಿ ಎಂದಳು.

ಭಾವಗ್ರಾಹಿಯನ್ನು ರೂಪಿಸಿದ ಡಾಕ್ಟರ್ ಗುರುದತ್ತ ಕಿಣಿ ಮಂಗಳೂರಿನ ಕಡೆಯವರು. ಮೆಲುದನಿಯ, ಪುಸ್ತಕದಂತೆ ಮಾತನಾಡುವ ವಿಜ್ಞಾನಿ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಅವಳನ್ನು ಕೂರಿಸಿ, ಚಹಾ ತರಿಸಿ, ಆ ದಿನದ ದಾಖಲೆಯನ್ನು ಪರದೆಯ ಮೇಲೆ ತೋರಿಸಿದರು. ಪರರ ನೋವನ್ನು ಕಂಡಾಗ ಮೆದುಳು ಅದನ್ನು ತನ್ನದೇ ನೋವಿನಂತೆ ಕ್ಷಣಕಾಲ ಅನುಭವಿಸುತ್ತದೆ, ಇದಕ್ಕೆ ನಾವು 'ಪ್ರತಿವೇದನೆ' ಎಂದು ಹೆಸರಿಟ್ಟಿದ್ದೇವೆ, ಅದರ ಗುರುತುಗಳೇ ನಾಡಿ, ಬೆವರು ಮತ್ತು ಉಸಿರು ಎಂದು ವಿವರಿಸಿದರು. ಸಾವಿರಾರು ಜನರ ಮೇಲೆ ಪರೀಕ್ಷಿಸಿಯೇ ಈ ಅಳತೆಯನ್ನು ಗೊತ್ತುಪಡಿಸಿದ್ದಾಗಿತ್ತು. ಮುನಿರತ್ನಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

ಅಷ್ಟರಲ್ಲಿ ಕಿಣಿಯವರ ದೃಷ್ಟಿ ಅವಳ ಎಡಗೈಯ ಮೇಲೆ ಬಿತ್ತು. ಅವರ ಮುಖ ಅರಳಿತು.

"ನೋಡಿ, ಇಲ್ಲಿಯೇ ಇದೆ ದೋಷ. ಕೃತಕ ಅಂಗೈ ಬೆವರುವುದಿಲ್ಲ. ಎಡಬದಿಯ ಬಿಲ್ಲೆ ಶೂನ್ಯ ತೋರಿಸಿದೆ. ತಾಂತ್ರಿಕ ಕಾರಣಕ್ಕೆ ನಿಮ್ಮ ದರ್ಜೆಯನ್ನು ಇವತ್ತೇ ರದ್ದು ಮಾಡಬಹುದು. ನೀವು ಶಿಬಿರಕ್ಕೂ ಹೋಗಬೇಕಿಲ್ಲ."

ಮುನಿರತ್ನಮ್ಮ ಪರದೆಯನ್ನು ದಿಟ್ಟಿಸಿದಳು. ಎದ್ದು ಹೋದರೆ ಮುಗಿಯಿತು. ನಾಳೆ ಕೇಂದ್ರದ ಬಾಗಿಲು ಎಂದಿನಂತೆ ತೆರೆದಿರುತ್ತದೆ.

"ಬಲಗೈದು ಏನು ತೋರ್ಸಿದೆ ಸಾರ್?"

ಕಿಣಿ ಹುಡುಕಿ ನೋಡಿದರು. "ಅದೂ ಒಣಗಿಯೇ ಇತ್ತು."

"ಮತ್ತೆ? ಆ ಕೈ ನಮ್ಮವ್ವ ಕೊಟ್ಟಿದ್ದು. ಅದಕ್ಕೂ ಭಯ ಆಗ್ಲಿಲ್ಲ. ನಾನು ನಕ್ಕಿದ್ದು ನಿಜ, ಮೈಯೆಲ್ಲಾ ಹಗುರವಾಗಿ ನಕ್ಕಿದ್ದು. ಯಂತ್ರದ ಬಿಲ್ಲೆ ಸರಿ ಇರ್ಲಿಲ್ಲ, ಆಕೆ ಪಾಪ ನಕ್ಕೇ ಇರ್ಲಿಲ್ಲ ಅಂತ ಬರ್ಕೊಂಡು ಬಿಡ್ತೀನಿ ಅಂದ್ರೆ ನಂಗೆ ಬೇಡ. ನನ್ನ ಪಕ್ಕ ಕೂತಿದ್ದೋರಿಗೆ ಎರಡು ಕೈಯೂ ಇದ್ವು, ಕಾಲು ಇರ್ಲಿಲ್ಲ. ಅವ್ರಿಗೇನು ಹೇಳ್ತೀರಿ?"

"ಕೈ ಕತ್ತರಿಸುವುದನ್ನು ನೋಡಿ ನಗುವವರ ಹತ್ತಿರ ಕೈ ಕಳೆದುಕೊಂಡವರನ್ನು ಬಿಡಬಹುದೇ? ಮಂಡಳಿಯ ಪ್ರಶ್ನೆ ಅಷ್ಟೇ" ಎಂದರು ಕಿಣಿ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಅವರು ನಿಜವಾಗಿಯೂ ಉತ್ತರ ಬಯಸಿದ್ದರು.

"ನಿಮ್ಮ ಸಾವಿರಾರು ಜನರಲ್ಲಿ ಕೈ ಇಲ್ದೋರು ಎಷ್ಟು ಜನ ಇದ್ರು?"

ಕೈ ಇಲ್ಲದವರ ಬೆವರನ್ನು ಅಳೆಯಲಾಗದು ಎಂದು ಅಂಥವರನ್ನು ಪರೀಕ್ಷೆಯಿಂದ ಹೊರಗಿಟ್ಟಿದ್ದು ಕಿಣಿಯವರಿಗೆ ನೆನಪಿತ್ತು.

"ಆ ಸಾಲಲ್ಲಿ ಒಬ್ರಿಗೆ ಹಸಿರು ಹತ್ತಿತ್ತಲ್ಲ, ಸಿದ್ದಗಂಗಯ್ಯ. ಅವ್ರದ್ದು ಒಂದ್ಸಲ ತೆಗೀರಿ" ಎಂದಳು ಮುನಿರತ್ನಮ್ಮ. ಪರದೆಯ ಮೇಲೆ ಗೆರೆಗಳು ಬೆಟ್ಟದಂತೆ ಎದ್ದಿದ್ದವು. ಅತ್ಯುತ್ತಮ ದರ್ಜೆ ಎಂದು ಯಂತ್ರ ಷರಾ ಬರೆದಿತ್ತು. "ಆ ಮನುಷ್ಯ ಊಟ ಬಿಟ್ಟಿದ್ದಾರೆ ಸಾರ್. ಬಾಗಿಲ ಸಪ್ಪಳಕ್ಕೂ ಬೆಚ್ಚಿ ಬೀಳ್ತಾರೆ. ಅವ್ರು ತುಂಡುರಾಯನಿಗೆ ಮರುಗ್ಲಿಲ್ಲ, ಕಣ್ಮುಚ್ಚಿದ್ರೂ ಪ್ರೆಸ್ ಕಾಣ್ತಿತ್ತು ಅವ್ರಿಗೆ. ನೀವು ಅದಕ್ಕೆ ಮೊದಲನೇ ಬಹುಮಾನ ಕೊಟ್ಟಿದ್ದೀರಿ. ಒಂದಿನ ಬಂದು ನಮ್ಮ ಸಾಲಲ್ಲಿ ಕೂತ್ಕೊಳಿ. ಆಮೇಲೂ ನಾನು ಕಠೋರ ಅನ್ಸಿದ್ರೆ ಕೆಲಸ ಬಿಡ್ತೀನಿ. ಸಹಿ ಮಾತ್ರ ಹಾಕಲ್ಲ."

ಕಿಣಿ ಬಂದರು. ಅದೇ ಚಿತ್ರ, ಅದೇ ಸಾಲು. ಅವರ ಮಡಿಲಲ್ಲಿ ಸಿದ್ದಗಂಗಯ್ಯನ ಗೆರೆಗಳನ್ನು ತೋರಿಸುವ ಪುಟ್ಟ ಪರದೆ ಇತ್ತು. ಸಿದ್ದಗಂಗಯ್ಯನಿಗೆ ಬರಲು ಮನಸ್ಸಿರಲಿಲ್ಲ. ಮುನಿರತ್ನಮ್ಮ ಅವನಿಗೆ ಎಲ್ಲವನ್ನೂ ಹೇಳಿದ್ದಳು. ಕುರ್ಚಿ ಅಳೆಯುತ್ತದೆ, ಪಕ್ಕದಲ್ಲಿ ಡಾಕ್ಟರು ನೋಡುತ್ತಾರೆ, ಬೇಡವಾದರೆ ಯಾವ ಹೊತ್ತಿನಲ್ಲಾದರೂ ಎದ್ದು ಹೋಗಬಹುದು. ಅವನು, ನಿನಗೋಸ್ಕರ ಕೂರುತ್ತೇನಮ್ಮ ಎಂದಿದ್ದ. ಅವನ ಮತ್ತೊಂದು ಪಕ್ಕದಲ್ಲಿ ನಯಾಜ್ ಕುಳಿತ. ಲಾರಿ ಓಡಿಸುತ್ತಿದ್ದ ಅವನಿಗೆ ಒಂದು ಕಾಲಿಲ್ಲ, ಬಾಯಿಗೆ ಬಿಡುವಿಲ್ಲ. ಕಿಣಿಯವರನ್ನು ಕಂಡವನೇ, ಸಾಹೇಬರಿಗೆ ಎಲ್ಲ ಬಿಡಿಭಾಗವೂ ಸರಿಯಾಗಿದೆ, ಇವರನ್ನು ನಮ್ಮ ಸಾಲಿಗೆ ಯಾರು ಸೇರಿಸಿದರು ಅಕ್ಕ ಎಂದು ಕೇಳಿ ಸಾಲನ್ನೆಲ್ಲ ನಗಿಸಿದ.

ಗರಗಸ ಬಂತು. ಸಿದ್ದಗಂಗಯ್ಯನ ಗೆರೆ ಮೇಲಕ್ಕೆ ಚಿಮ್ಮಿತು. ಹಸಿರು ದೀಪ ಹೊತ್ತಿಕೊಂಡಿತು. ತುಂಡುರಾಯ ಕೈಗಳನ್ನು ಹುಡುಕಿದ, ಆಮೇಲೆ ತುರಿಕೆಗೆ ಬೇಡಿಕೊಂಡ. ಅದೇ ಹೊತ್ತಿಗೆ ಸಿದ್ದಗಂಗಯ್ಯನ ಎಡಗೈ ತಾನಾಗಿಯೇ ಬಲಕ್ಕೆ ಬಂದು, ಮೊಂಡು ತೋಳಿನ ತುದಿಯಾಚೆ ಏನೂ ಇಲ್ಲದಲ್ಲಿ ತಡಕಾಡಿ, ಹಿಂದೆ ಸರಿಯಿತು. ಇದು ಛಾಯಾಂಗ ಸಂವೇದನೆ ಎಂದು ಕಿಣಿ ಗುರುತಿಸಿದರು. ಅಂಗ ಹೋದರೂ ಮೆದುಳಿನಲ್ಲಿ ಅದರ ನಕ್ಷೆ ಉಳಿದಿರುತ್ತದೆ. ಇಲ್ಲದ ಕೈ ನೋಯುತ್ತದೆ, ತುರಿಸುತ್ತದೆ. ಅದರ ಕುರಿತು ಅವರು ಒಂದು ಪ್ರಬಂಧವನ್ನೇ ಬರೆದಿದ್ದರು.

ನಯಾಜ್ ಪ್ರಬಂಧ ಓದಿರಲಿಲ್ಲ. ತೆರೆಯಿಂದ ಕಣ್ಣು ಕೀಳದೆಯೇ, ಎಷ್ಟೋ ವರ್ಷಗಳ ಅಭ್ಯಾಸವೆಂಬಂತೆ ಕೈ ಚಾಚಿ, ಸಿದ್ದಗಂಗಯ್ಯನ ಅಂಗೈ ಇರಬೇಕಾಗಿದ್ದ ಜಾಗದ ಗಾಳಿಯನ್ನು ಕೆರೆದ.

"ಇಲ್ಲೇನಾ?"

ಸಿದ್ದಗಂಗಯ್ಯ ಬೆಪ್ಪಾಗಿ ನೋಡಿದ. "ಇನ್ನೂ ಸ್ವಲ್ಪ ಕೆಳಗೆ" ಎಂದ.

ನಯಾಜ್ ಕೆಳಗೆ ಕೆರೆದ. ಸಿದ್ದಗಂಗಯ್ಯನ ಗಂಟಲಿನಿಂದ ಕೆಮ್ಮಿನಂಥ ಏನೋ ಹೊರಬಂತು. ಕಿಣಿ ಗಾಬರಿಯಾದರು. ಅದು ಇನ್ನೊಮ್ಮೆ ಬಂತು, ಮತ್ತೊಮ್ಮೆ ಬಂತು, ಆಮೇಲೆ ತಡೆಯಿಲ್ಲದ ನಗುವಾಯಿತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮೈ ಕುಲುಕುತ್ತಿತ್ತು. ಮಡಿಲಿನ ಪರದೆಯಲ್ಲಿ ಬೆಟ್ಟದ ಗೆರೆಗಳು ಇಳಿದು ಬಯಲಾದವು. ಅವನ ತಲೆಯ ಮೇಲಿನ ಹಸಿರು ಆರಿ ಕೆಂಪು ಹತ್ತಿತು. ಮುನಿರತ್ನಮ್ಮ ಆ ದೀಪವನ್ನು ನೋಡಿದಳು. ಕಿಣಿ ಪರದೆಯನ್ನು ಆರಿಸಿ ಜೇಬಿಗೆ ಹಾಕಿಕೊಂಡರು.

ಅವರು ಪ್ರಾಮಾಣಿಕರಾಗಿದ್ದರು. ತಾವು ಅಳೆದದ್ದು ದಯೆಯನ್ನಲ್ಲ, ಕೇವಲ ಭಯವನ್ನು; ಕ್ರೌರ್ಯದ ಶಾಂತಿಗೂ ನೋವು ದಾಟಿ ಬಂದವರ ಶಾಂತಿಗೂ ವ್ಯತ್ಯಾಸ ಈ ಯಂತ್ರಕ್ಕೆ ತಿಳಿಯದು ಎಂದು ಮಂಡಳಿಗೆ ವರದಿ ಬರೆದರು. ಚಿತ್ರಮಂದಿರಗಳಲ್ಲಿ ಭಾವಗ್ರಾಹಿಯ ಬಳಕೆ ನಿಂತಿತು, ಅದರ ಕುರ್ಚಿಗಳನ್ನು ಕಳಚಿದರು. ಇಡೀ ಸಾಲಿನ ಕಠೋರ ದರ್ಜೆ ರದ್ದಾಯಿತು. ಮುನಿರತ್ನಮ್ಮ ಸಹಿ ಹಾಕದೆ ಕೆಲಸಕ್ಕೆ ಮರಳಿದಳು.

ಆದರೆ ಹಾಗೆ ಕಳಚಿದ ಕುರ್ಚಿಗಳು ಗುಜರಿಗೆ ಹೋಗಲಿಲ್ಲ. ವರದಿಯಲ್ಲಿನ 'ನೋವು ದಾಟಿ ಬಂದವರ ಶಾಂತಿ' ಎಂಬ ಮಾತು ಅಂಗ ಕೇಂದ್ರದ ನಿರ್ದೇಶಕರಿಗೆ ಬಹಳ ಹಿಡಿಸಿತು. ಕೆಂಪು ದೀಪವೆಂದರೆ ಗಾಯ ಮನಸ್ಸಿನಲ್ಲಿ ಮಾಗಿದೆ ಎಂದಲ್ಲವೇ? ಹಾಗಿದ್ದರೆ ಯಾರಿಗೆ ಯಾವಾಗ ಕೃತಕ ಅಂಗ ಜೋಡಿಸಬೇಕೆಂದು ಇದರಿಂದಲೇ ತಿಳಿಯಬಹುದು. ಮನಸ್ಸು ಒಪ್ಪುವ ಮೊದಲೇ ಜೋಡಿಸಿದ ಕೈಗಳು ಪೆಟ್ಟಿಗೆಯಲ್ಲಿ ಧೂಳು ತಿನ್ನುವುದನ್ನು ಅವರು ಕಂಡಿದ್ದರು. ಕುರ್ಚಿಗಳು ಕೇಂದ್ರದ ಸಭಾಂಗಣಕ್ಕೆ ಬಂದವು, ತುಂಡುರಾಯನೂ ಬಂದ. ಕೆಂಪಿಗೆ ಈಗ 'ಚೇತರಿಕೆ' ಎಂಬ ಹೊಸ ಹೆಸರು. ಇದು ನಿಮ್ಮದೇ ಗೆಲುವು ಎಂದು ನಿರ್ದೇಶಕರು ಮುನಿರತ್ನಮ್ಮನಿಗೆ ಹೇಳಿದರು. ಅವಳಿಗೆ ಖುಷಿಯಾಗಲಿಲ್ಲ, ಯಾಕೆಂದು ತಕ್ಷಣ ಹೇಳಲೂ ಆಗಲಿಲ್ಲ.

ಕಾರಣ ಸಿಕ್ಕಿದ್ದು ದೀಕ್ಷಾ ಬಂದ ಮೇಲೆ. ಹದಿನೇಳರ ಹುಡುಗಿ, ರಸ್ತೆ ಅಪಘಾತದಲ್ಲಿ ಒಂದು ಮೊಣಕೈಯ ಕೆಳಗೆ ಏನೂ ಉಳಿದಿರಲಿಲ್ಲ. ಬಂದ ವಾರವೇ ಅವಳು ಸಿನಿಮಾದ ಉದ್ದಕ್ಕೂ ನಕ್ಕಳು. ತುಂಡುರಾಯ ಅವ್ವನನ್ನು ನೆನೆದು ಮೌನವಾಗಿ ಕುಳಿತಲ್ಲಿಯೂ ನಕ್ಕಳು, ನಾಯಿ ಸತ್ತಲ್ಲಿಯೂ ನಕ್ಕಳು. ಉಸಿರನ್ನು ಎಣಿಸಿ ಬಿಡುತ್ತಿದ್ದಳು, ಉಳಿದೊಂದು ಅಂಗೈಯನ್ನು ಲಂಗಕ್ಕೆ ಒರೆಸಿ ಬಿಲ್ಲೆಯ ಮೇಲಿಡುತ್ತಿದ್ದಳು. ದೀಪ ಬೇಗ ಕೆಂಪಾದವರಿಗೆ ಬೇಗ ಕೈ ಸಿಗುತ್ತದೆ, ಬೇಗ ಕಾಲೇಜಿಗೆ ಹೋಗಬಹುದು ಎಂದು ಪಡಸಾಲೆಯಲ್ಲಿ ಯಾರೋ ಹೇಳಿಕೊಟ್ಟಿದ್ದರು. ಸಿದ್ದಗಂಗಯ್ಯನೇ ಬಂದು ಮುನಿರತ್ನಮ್ಮನಿಗೆ ತಿಳಿಸಿದ. ಆ ಮಗು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತದೆ, ಆಮೇಲೆ ಮುಖ ತೊಳೆದು ನಗೋದಕ್ಕೆ ಬರುತ್ತದೆ ಎಂದ.

ಮರುದಿನ ಸಿನಿಮಾ ನಡೆಯುತ್ತಿದ್ದಾಗಲೇ ಮುನಿರತ್ನಮ್ಮ ಸಭಾಂಗಣಕ್ಕೆ ನುಗ್ಗಿದಳು. ದೀಕ್ಷಾಳ ಕುರ್ಚಿಯ ಹಿಂದೆ ಬಗ್ಗಿ, ಕೃತಕ ಕೈಯ ಉಕ್ಕಿನ ಬೆರಳುಗಳನ್ನು ಕವಚದ ಸಂದಿಗೆ ತೂರಿಸಿ, ತಂತಿಗಳನ್ನು ಕಿತ್ತಳು. ಕೆಂಪು ದೀಪ ಆರಿತು. ಪಕ್ಕದ ಕುರ್ಚಿಯದೂ ಆರಿತು. ಸದ್ದು ಕೇಳಿ ನಿರ್ದೇಶಕರು ಓಡಿಬರುವಷ್ಟರಲ್ಲಿ ಅವಳು ಮೂರನೆಯ ಕುರ್ಚಿಯ ಹಿಂದೆ ಇದ್ದಳು.

"ಮುನಿರತ್ನಮ್ಮ, ಇದು ಕೇಂದ್ರದ ಸ್ವತ್ತು. ನಿಮ್ಮ ಪರವಾಗಿಯೇ ಇರುವ ಯಂತ್ರ ಇದು."

"ನನ್ನ ಪರವಾಗೂ ಬೇಡ ಸಾರ್. ಅವತ್ತು ಯಾಕೆ ನಕ್ಕೆ ಅಂದ್ರು. ಇವತ್ತು ಯಾಕೆ ನಗ್ಲಿಲ್ಲ ಅಂತೀರಿ. ಎರಡಕ್ಕೂ ನಾವು ಲೆಕ್ಕ ಒಪ್ಪಿಸಲ್ಲ. ಬೇಕಾದ್ರೆ ಈಗ ತೆಗೀರಿ ನನ್ನ ಕೆಲಸದಿಂದ." ಅವಳು ಮೂರನೆಯ ಕುರ್ಚಿಯ ತಂತಿಯನ್ನೂ ಎಳೆದು ಹಾಕಿದಳು.

ದೀಪವಿಲ್ಲದಿದ್ದರೆ ಈ ಹುಡುಗಿ ಕೈ ಜೋಡಿಸಿಕೊಳ್ಳಲು ಸಿದ್ಧಳೋ ಇಲ್ಲವೋ ಹೇಗೆ ತಿಳಿಯುವುದು ಎಂದು ನಿರ್ದೇಶಕರು ಕೇಳಿದರು. ಮುನಿರತ್ನಮ್ಮ ದೀಕ್ಷಾಳ ಕಡೆಗೆ ಕೈ ತೋರಿಸಿದಳು. ನಿರ್ದೇಶಕರು ಕನ್ನಡಕ ಸರಿಪಡಿಸಿಕೊಂಡು, ಕೊಂಚ ಸಂಕೋಚದಿಂದ, ಆ ಹುಡುಗಿಯ ಎದುರು ಕುಳಿತರು.

"ಏನಮ್ಮ, ಕೈ ಹಾಕೋಣವೇ?"

ದೀಕ್ಷಾ ಇಬ್ಬರ ಮುಖವನ್ನೂ ನೋಡಿದಳು. ಕಿತ್ತುಬಂದ ತಂತಿಯನ್ನು ನೋಡಿದಳು. ಅವಳ ಮುಖದ ಮೇಲಿದ್ದ ನಗು ಮೆಲ್ಲಗೆ ಕಳಚಿತು.

"ಇವತ್ತು ಬೇಡ ಸಾರ್."

"ಹಾಗಾದ್ರೆ ಸಿನಿಮಾ ನಿಲ್ಲಿಸ್ಲಾ ಪುಟ್ಟ?" ಎಂದು ಮುನಿರತ್ನಮ್ಮ ಕೇಳಿದಳು.

ತೆರೆಯ ಮೇಲೆ ತುಂಡುರಾಯ ಯಾರದೋ ಕೈಯನ್ನು ತೊಟ್ಟು, ಬೆರಳು ಮಡಚಿ, ಬಿಚ್ಚಿ ನೋಡುತ್ತಿದ್ದ. ದೀಕ್ಷಾ ಕೆನ್ನೆಯ ಮೇಲಿನ ನೀರನ್ನು ಭುಜಕ್ಕೆ ಒರೆಸಿಕೊಂಡಳು.

"ಬೇಡ ಆಂಟಿ," ಎಂದಳು. "ಅದು ನಡೀಲಿ."