ಅಕ್ಕನ ಮುಖ, ಸೋಮವಾರದೊಳಗೆ

"ಇನ್ನೂ ಎಷ್ಟು ಜನ ಇದಾರೆ ಅಕ್ಕಾ?"

"ಆಗ್ಲೇ ಕೇಳಿದ್ಯಲ್ಲ. ಅಷ್ಟೇ ಜನ ಇದಾರೆ."

ಗೋಚಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಇನ್ನಷ್ಟು ಜಾರಿ ಕೂತಳು. ತೊಡೆಯ ಮೇಲೆ ಗಣಿತದ ಪುಸ್ತಕ ತೆರೆದೇ ಇತ್ತು. ಭಾಗಾಕಾರದ ಲೆಕ್ಕವೊಂದು ಅರ್ಧಕ್ಕೇ ನಿಂತು ಅವಳ ಹಾಗೆಯೇ ಆಕಳಿಸುತ್ತಿತ್ತು.

ಗೋಚಿ ಅವಳ ನಿಜವಾದ ಹೆಸರಲ್ಲ. ಗಾಳಿಪಟದ ಹಿಂದೆ ಬಾಲಂಗೋಚಿ ಹೋದ ಹಾಗೆ ಅಕ್ಕ ಹೋದಲ್ಲೆಲ್ಲ ಹೋಗುತ್ತಾಳೆಂದು ಅಮ್ಮ ಇಟ್ಟ ಹೆಸರು. ಅಮ್ಮನಿಗೆ ಸಂಜೆ ಪಾಳಿಯ ಕೆಲಸ. ಗೋಚಿಯನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವ ಹಾಗಿಲ್ಲ. ಹೀಗಾಗಿ ಈ ವಾರ ಶಾಲೆ ಬಿಟ್ಟ ಮೇಲೆ ಆಟವಿಲ್ಲ, ಬರೀ ಕ್ಲಿನಿಕ್ಕು.

ಅಕ್ಕನ ಎರಡೂ ಕೆನ್ನೆಗಳ ಮೇಲೆ ಮೊಡವೆಗಳು ಬಿಟ್ಟುಹೋದ ಕಲೆಗಳಿದ್ದವು. ಅಲ್ಲಲ್ಲಿ ಸಣ್ಣ ಸಣ್ಣ ಗುಳಿಗಳು. ಅವಳು ಒಂದು ಹೋಟೆಲಿನ ಒಳಕೋಣೆಯಲ್ಲಿ ಕೂತು ಫೋನ್ ಎತ್ತುತ್ತಿದ್ದಳು. ಫೋನಿನಲ್ಲಿ ಮುಖ ಯಾರಿಗೆ ಕಾಣುತ್ತದೆ? ಆದರೆ ಈಗ ಮ್ಯಾನೇಜರ್, "ಸೋಮವಾರದಿಂದ ಮುಂದಿನ ಕೌಂಟರ್‌ಗೆ ಬಾಮ್ಮ" ಎಂದಿದ್ದರು. ಸುದ್ದಿ ಕೇಳಿ ಅಮ್ಮ ಕುಣಿದಾಡಿದಳು. ಅಕ್ಕ ಹೋಗಿ ಕನ್ನಡಿಯ ಮುಂದೆ ಕೂತಳು.

ಮೊದಲ ಡಾಕ್ಟರು ತಲೆಯನ್ನೇ ಎತ್ತದೆ ಮುಲಾಮು ಬರೆದುಕೊಟ್ಟರು. ಎರಡನೆಯದು ಗಾಜಿನ ಕ್ಲಿನಿಕ್ಕು. ಒಳಗೆ ತಣ್ಣನೆ ಗಾಳಿ, ಸೆಂಟಿನ ವಾಸನೆ. ಅಲ್ಲಿನ ಬಿಳಿ ಕೋಟಿನವರು ನಗುನಗುತ್ತಾ, "ಸ್ಟ್ರಾಂಗ್ ಪೀಲ್ ಒಂದೇ ಸಲ ಮಾಡಿಬಿಡೋಣ. ಹೂಂ ಅನ್ನಿ, ಮುಖ ಕನ್ನಡಿ ಆಗತ್ತೆ" ಎಂದಿದ್ದರು. ಅಕ್ಕ ಆಗಲೇ ಹೂಂ ಎನ್ನುವವಳಿದ್ದಳು. ಅಮ್ಮ ಬಿಡಲಿಲ್ಲ. "ಮುಖದ ವಿಷಯ ಕಣೇ. ಇನ್ನೊಬ್ಬ ಚರ್ಮದ ಡಾಕ್ಟರನ್ನ ಕೇಳು" ಎಂದು ಹಟ ಹಿಡಿದಳು. ಅದಕ್ಕೇ ಈ ಮೂರನೆಯ ಬೆಂಚು.

"ಪೀಲ್ ಅಂದ್ರೆ ಏನಕ್ಕಾ ಮಾಡ್ತಾರೆ?"

"ಮುಖಕ್ಕೆ ಒಂಥರಾ ಆಸಿಡ್ ಹಚ್ತಾರೆ. ಮೇಲಿನ ಚರ್ಮ ಸುಲಿದು ಹೊಸದು ಬರತ್ತೆ."

"ಆಲೂಗಡ್ಡೆ ಸಿಪ್ಪೆ ತೆಗೆದ ಹಾಗಾ?"

"ಬಾಯ್ಮುಚ್ಚೇ."

ಬೇರೆ ದಿನವಾಗಿದ್ದರೆ ಅಕ್ಕ ನಗುತ್ತಿದ್ದಳು. ಇವತ್ತು ನಗುವುದಕ್ಕೂ ಅವಳಿಗೆ ಸುಸ್ತು. ಮೂಲೆಯ ಫ್ಯಾನು ಇತ್ತ ತಿರುಗಿದಾಗ ಮಾತ್ರ ಉಸಿರು ಬಿಡುತ್ತಿದ್ದಳು.

"ಸಾಕಾಯ್ತು ಗೋಚಿ. ಎದ್ದು ಹೋಗ್ಬಿಡೋಣ್ವಾ? ಆ ಗಾಜಿನ ಕ್ಲಿನಿಕ್ಕಿಗೇ ಫೋನ್ ಮಾಡಿ ಹೂಂ ಅಂದ್ಬಿಡ್ಲಾ?"

ಗೋಚಿಗೆ ಹಸಿವಾಗಿತ್ತು. ಕಾಲು ಜೋಮು ಹಿಡಿದಿತ್ತು.

"ಅಂದ್ಬಿಡಕ್ಕಾ. ಬೇಗ ಮುಗಿಯತ್ತೆ."

ಅಕ್ಕ ಬ್ಯಾಗಿನಿಂದ ಫೋನ್ ತೆಗೆದಳು. ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, "ಮುಂದಿನವರು!" ಎಂದು ಕೂಗಿದಳು.

ಒಳಗೆ ನರೆಗೂದಲಿನ ಡಾಕ್ಟರಮ್ಮ ಕೂತಿದ್ದರು. ಮೇಜಿನ ಮೇಲೆ ಅರ್ಧ ಕುಡಿದ ಚಹಾ ಆರಿ, ಕೆನೆ ಕಟ್ಟಿತ್ತು. ಅವರೂ ದಣಿದಿದ್ದರು. ಆದರೆ ಅಕ್ಕನನ್ನು ನೋಡಿದೊಡನೆ ಕನ್ನಡಕ ಸರಿಮಾಡಿಕೊಂಡರು.

"ಮುಖಕ್ಕೆ ಏನಮ್ಮಾ ಹಚ್ಕೊಂಡಿದೀಯಾ?"

"ಸ್ವಲ್ಪ ಫೌಂಡೇಶನ್ ಮೇಡಂ... ಬಸ್ಸಲ್ಲಿ ಬರಬೇಕಲ್ಲ, ಎಲ್ಲರೂ ನೋಡ್ತಾರೆ."

"ಅಲ್ಲಿ ನಲ್ಲಿ ಇದೆ, ತೊಳ್ಕೊಂಡು ಬಾ. ನಾನು ನೋಡಬೇಕಾಗಿರೋದು ನಿನ್ನ ಚರ್ಮ. ಅಂಗಡಿ ಬಣ್ಣಕ್ಕೆ ನನ್ನ ಹತ್ರ ಔಷಧಿ ಇಲ್ಲ."

ನೀರಿನ ಸದ್ದು ಕೇಳುತ್ತಾ ಗೋಚಿ ಯೋಚಿಸಿದಳು. ಅಕ್ಕ ಎಲ್ಲ ಕ್ಲಿನಿಕ್ಕಿಗೂ ಬಣ್ಣ ಹಚ್ಚಿಕೊಂಡೇ ಹೋಗಿದ್ದಳು. ಆ ಇಬ್ಬರೂ ತೊಳೆದು ಬಾ ಎಂದಿರಲಿಲ್ಲ. ಹಾಗಾದರೆ ಅವರು ನೋಡಿದ್ದು ಏನನ್ನು?

ಡಾಕ್ಟರಮ್ಮ ದೀಪವಿದ್ದ ಭೂತಗನ್ನಡಿ ಹಿಡಿದು ಅಕ್ಕನ ಕೆನ್ನೆಗಳನ್ನು ನಿಧಾನವಾಗಿ ನೋಡಿದರು. ಒಂದಾದ ಮೇಲೊಂದು ಪ್ರಶ್ನೆ ಕೇಳಿದರು. ಯಾವ ಮಾತ್ರೆ ತಗೋತೀಯಾ? ಮೊಡವೆ ಚಿವುಟ್ತೀಯಾ? ಬಿಸಿಲಲ್ಲಿ ಓಡಾಟ ಇದೆಯಾ? ಆಮೇಲೆ ಗಾಜಿನ ಕ್ಲಿನಿಕ್ಕಿನವರ ಮಾತನ್ನೂ ಪೂರ್ತಿ ಕೇಳಿಸಿಕೊಂಡರು.

"ಗಾಯ ಆದ್ರೆ ಕಪ್ಪು ಕಲೆ ಉಳಿಯತ್ತಾ?"

"ಇಲ್ಲ ಮೇಡಂ. ಬೇಗ ಹೋಗ್ಬಿಡತ್ತೆ."

ಅಕ್ಕ ಥಟ್ಟನೆ ಹೇಳಿದಳು. ಪರೀಕ್ಷೆಯಲ್ಲಿ ಪಾಸಾಗಲೇಬೇಕು ಎನ್ನುವವರ ಹಾಗೆ. ಗೋಚಿ ಅಕ್ಕನ ತೋಳನ್ನು ನೋಡಿದಳು. ಪುಸ್ತಕ ಮುಚ್ಚಿದಳು.

"ಅಕ್ಕಾ... ಇಸ್ತ್ರಿಪೆಟ್ಟಿಗೇದು?"

ಅಕ್ಕ ಕಣ್ಣಲ್ಲೇ ಗದರಿದಳು. ಆದರೆ ಡಾಕ್ಟರಮ್ಮ ಆಗಲೇ ಕೈ ಚಾಚಿದ್ದರು. "ಎಲ್ಲಿ, ತೋರಿಸು."

ಅಕ್ಕ ಅಂಗಿಯ ತೋಳು ಮೇಲಕ್ಕೆ ಮಡಚಿದಳು. ಮುಂಗೈಯ ಮೇಲೆ ಪುಟ್ಟ ದೋಣಿಯಂಥ ಕಪ್ಪು ಗುರುತು.

"ಯಾವಾಗ ಆಗಿದ್ದು?"

"ಹೋದ ವರ್ಷ. ಇವಳ ಯೂನಿಫಾರ್ಮ್‌ಗೆ ಇಸ್ತ್ರಿ ಹಾಕ್ತಿದ್ದೆ. ವ್ಯಾನ್ ಬಂದ್ಬಿಡ್ತು."

ವ್ಯಾನ್ ಬಂದದ್ದು ಗೋಚಿಗೂ ನೆನಪಿತ್ತು. ಬಾಗಿಲಲ್ಲಿ ನಿಂತು ಕಾಲು ಕುಟ್ಟಿದ್ದು ಅವಳೇ. ಬೇಗ, ಅಕ್ಕಾ ಬೇಗ ಎಂದು ಕಿರುಚಿದ್ದೂ ಅವಳೇ.

"ಇಷ್ಟು ಸಣ್ಣ ಸುಟ್ಟ ಗಾಯ ಇನ್ನೂ ಇಷ್ಟು ಕಪ್ಪಗಿದೆ," ಎಂದರು ಡಾಕ್ಟರಮ್ಮ. "ಆ ಸ್ಟ್ರಾಂಗ್ ಪೀಲ್ ಮಾಡಿಸ್ಕೊಂಡ್ರೆ ಇದೇ ಬಣ್ಣ ಕೆನ್ನೆ ಮೇಲೆ ಬರಬಹುದು. ಮೊದಲು ಹೊಸ ಮೊಡವೆ ಏಳೋದು ನಿಲ್ಲಲಿ. ಬಿಸಿಲಿಗೆ ಹೋಗೋವಾಗ ಈ ಕ್ರೀಮ್ ಹಚ್ಕೋ. ಆಮೇಲೆ ಮೆದು ಪೀಲ್ ನೋಡೋಣ, ವಾರಗಟ್ಟಲೆ ಬಿಟ್ಟು ಬಿಟ್ಟು. ಆಳದ ಗುಳಿಗಳು ಪೂರ್ತಿ ಹೋಗಲ್ಲ. ಅದನ್ನೂ ಈಗ್ಲೇ ಹೇಳ್ಬಿಡ್ತೀನಿ."

"ಸೋಮವಾರದೊಳಗೆ ಏನೂ ಆಗಲ್ವಾ ಮೇಡಂ?" ಅಕ್ಕನ ದನಿ ನೂಲಿನಷ್ಟು ಸಣ್ಣಗಾಗಿತ್ತು.

"ಸೋಮವಾರ ಇದೇ ಮುಖ ತಗೊಂಡು ಹೋಗಮ್ಮಾ. ಬೇರೆ ಮುಖ ನನ್ನ ಹತ್ರ ಸ್ಟಾಕಿಲ್ಲ."

ಬಸ್ಸಿನಲ್ಲಿ ಅಕ್ಕ ಕಿಟಕಿಗೆ ಹಣೆ ಹಚ್ಚಿ ಕೂತಳು. ಬಣ್ಣವಿಲ್ಲದ ಕೆನ್ನೆಯ ಮೇಲೆ ಬಸ್ಸಿನ ದೀಪ ಬಿದ್ದಿತ್ತು. ಆಮೇಲೆ ಇತ್ತ ತಿರುಗಿ ಕೇಳಿದಳು, "ಬೇಗ ಮುಗಿಯತ್ತೆ ಅಂದೋಳು ನೀನೇ. ಮತ್ಯಾಕೆ ಬಾಯಿ ಬಿಟ್ಟೆ?"

ಗೋಚಿ ಅಕ್ಕನ ಮುಂಗೈಯ ಆ ಕಪ್ಪು ಗುರುತಿನ ಮೇಲೆ ಬೆರಳಾಡಿಸಿದಳು.

ಫೋನ್ ಗುಂಯ್‌ಗುಟ್ಟಿತು. ಗಾಜಿನ ಕ್ಲಿನಿಕ್ಕು. ಅಕ್ಕ ಅದನ್ನೇ ದಿಟ್ಟಿಸಿದಳು. ಆಮೇಲೆ ಎತ್ತಿ, "ಇಲ್ಲ, ಬರಲ್ಲ" ಎಂದಷ್ಟೇ ಹೇಳಿ ಇಟ್ಟಳು. ಗೋಚಿಯ ಹೆಗಲ ಮೇಲೆ ತಲೆಯಿಟ್ಟಳು. ತಲೆ ಕಲ್ಲಿನಷ್ಟು ಭಾರವಿತ್ತು. ಗೋಚಿ ಅಲುಗಾಡಲಿಲ್ಲ.

ಸೋಮವಾರ ಬೆಳಿಗ್ಗೆ ಅಕ್ಕ ಕೌಂಟರಿನ ಹೊಸ ಕೋಟು ಹಾಕಿಕೊಂಡು, ಗೋಚಿಯ ಯೂನಿಫಾರ್ಮ್‌ಗೆ ಇಸ್ತ್ರಿ ಹಾಕುತ್ತಿದ್ದಳು. ಮುಖಕ್ಕೆ ಡಾಕ್ಟರಮ್ಮನ ಕ್ರೀಮ್ ಮಾತ್ರ. ಕಾಲರಿನ ಹತ್ತಿರ ಇಸ್ತ್ರಿಪೆಟ್ಟಿಗೆ ತಡವರಿಸಿತು.

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಇನ್ನೊಮ್ಮೆ ಕೇಳಿಸಿತು.

ಗೋಚಿಯ ನಾಲಿಗೆಯ ತುದಿಗೆ ಆ ಮಾತು ಬಂದೇಬಿಟ್ಟಿತ್ತು. ಅವಳು ಅದನ್ನು ನುಂಗಿಕೊಂಡಳು.

"ನಿಧಾನ ಮಾಡಕ್ಕಾ," ಎಂದಳು. "ವ್ಯಾನ್ ಅಂಕಲ್‌ಗೆ ಒಂಚೂರು ನಿಲ್ಲೋಕೆ ಹೇಳಿ ಬರ್ತೀನಿ."

ಮನೆಯಂಗಿಯಲ್ಲೇ, ಬರಿಗಾಲಲ್ಲೇ ಅವಳು ಬೀದಿಗೆ ಓಡಿದಳು.