ಆದೆಮ್ಮ ನಿಜ ಹೇಳಿದ ದಿನ

"ಸುಳ್ಳರೀ ಸಾಹೇಬ್ರ! ಅಕಿ ಹೇಳಾಕತ್ತಿದ್ದು ಪೂರಾ ಸುಳ್ಳು!"

ಬಾಗಿಲ ಬಳಿ ನಿಂತಿದ್ದ ಪರಮಣ್ಣ ಹೀಗೆ ಕೂಗಿದಾಗ ಆದೆಮ್ಮನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು. ಮದುವೆಯಾಗಿ ಒಂದು ವರ್ಷ. ಗಂಡ ಅವಳೊಂದಿಗೆ ಆಡಿದ ಮಾತು ಬೆರಳಲ್ಲಿ ಎಣಿಸುವಷ್ಟು. ಈಗ ಬಾಯಿ ಬಿಟ್ಟವನು ಪರಪುರುಷನೆದುರು ಹೆಂಡತಿಯನ್ನು ಸುಳ್ಳಿ ಎನ್ನಬೇಕೇ!

ಅದು 1981. ರಾಯಚೂರಿನ ಗಂಜ್ ರಸ್ತೆಯಲ್ಲಿ ಡಾಕ್ಟರ್ ಸಲಾವುದ್ದೀನರ ಚಿಕ್ಕ ದವಾಖಾನೆ. ಹೈದರಾಬಾದಿನಲ್ಲಿ ಹೃದಯದ ವೈದ್ಯಕೀಯ ಕಲಿತು ಊರಿಗೆ ಮರಳಿದವರು ಅವರು.

ಅವರು ಕೇಳಿದ್ದು ಇಷ್ಟೇ. "ನೀರು ತರುವಾಗ ದಮ್ಮು ಹತ್ತತದೇನಮ್ಮ? ಅಂಗಾತ ಮಲಗಾಕ ಆಗತದ?"

"ನನಗೇನೂ ಆಗಿಲ್ರಿ. ನಿದ್ದಿ ಚಲೋ ಬರ್ತದ," ಎಂದಿದ್ದಳು ಆದೆಮ್ಮ.

ಅವಳನ್ನು ಬೈದು ಪ್ರಯೋಜನವಿಲ್ಲ. ದಮ್ಮು ಹತ್ತುತ್ತದೆ ಎಂದ ಸೊಸೆಗೆ ಕೆಲಸಗಳ್ಳಿ ಎಂಬ ಹೆಸರು ಬರುತ್ತದೆ. ಹಾಗಾಗಿ ಅವಳ ಗಂಡನ ಊರಾದ ಯಾಪಲದಿನ್ನಿಯ ಯಾವ ಸೊಸೆಗೂ ದಮ್ಮು ಹತ್ತುವುದಿಲ್ಲ!

"ಮತ್ತ ನೀ ಏನು ನೋಡೀಯಪ್ಪ?" ಡಾಕ್ಟರು ಪರಮಣ್ಣನ ಕಡೆ ತಿರುಗಿದರು.

"ಕೊಡ ಹೊತ್ಕೊಂಡು ಬರುವಾಗ ಬೇವಿನ ಗಿಡದ ತಳಗ ನಿಂದರ್ತಾಳ್ರಿ. ಯಾರರ ಬಂದ್ರ ತಲಿಮ್ಯಾಲಿನ ಸಿಂಬಿ ಸರಿ ಮಾಡ್ಕೊಂಡಂಗ ನಾಟಕ ಮಾಡ್ತಾಳ. ರಾತ್ರಿ ಜ್ವಾಳದ ಚೀಲಕ್ಕ ಆನಿಕೊಂಡು ಕುಂತ ನಿದ್ದಿ ಮಾಡ್ತಾಳ."

ಕುರಿ ಕಾಯುವವನು. ಹಿಂಡಿನಲ್ಲಿ ಯಾವುದು ಹಿಂದೆ ಬಿತ್ತು ಎಂದು ನೋಡಿ ನೋಡಿ ರೂಢಿಯಾದ ಕಣ್ಣು ಅವನದು.

'ಇವರು ಇಷ್ಟೆಲ್ಲ ನೋಡ್ಯಾರ? ಯಾಕ ನೋಡ್ಯಾರ...? ರೋಗಿಷ್ಟೆ ಅಂತ ಎಣಸಾಕೇನು?' ಆದೆಮ್ಮನ ಎದೆ ಡವಗುಟ್ಟಿತು.

ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು. ಇ.ಸಿ.ಜಿ. ತೆಗೆದರು. ಚಿಕ್ಕವಳಿದ್ದಾಗ ಜ್ವರ ಬಂದು ಕೀಲುಗಳು ಬಾತಿದ್ದವೇ ಎಂದು ಕೇಳಿದರು. ಬಾತಿದ್ದವು. ಅವ್ವ ದುರುಗಮ್ಮ ಎಕ್ಕದ ಎಲೆ ಕಾಯಿಸಿ ಕಟ್ಟಿದ್ದಳು.

"ಹೃದಯದಾಗ ಒಂದು ಬಾಗಲ ಅದ. ಆ ಜ್ವರದಾಗ ಅದು ಕೆಟ್ಟು, ಈಗ ಸಣ್ಣ ಆಗ್ಯದ," ಎಂದರು. "ನೀ ಈಗ ನಾಕು ತಿಂಗಳ ಬಸುರಿ. ಕೂಸು ಬೆಳದಂಗ ಆ ಬಾಗಲಕ್ಕ ಭಾರ ಹೆಚ್ಚಾಗತದ. ದಾರಿ ಮೂರು. ಕೂಸು ತಗಸೂದು. ಇಲ್ಲಾ ಗುಳಿಗಿ ನುಂಗಿ ಹಂಗ ನಡಸೂದು. ಇಲ್ಲಾ ಹೈದರಾಬಾದಿಗಿ ಹೋಗಿ, ಕೂಸು ಹೊಟ್ಟ್ಯಾಗ ಇದ್ದಂಗ ಆಪರೇಷನ್ ಮಾಡಿ ಬಾಗಲ ಅಗಲ ಮಾಡಿಸೂದು."

"ಯಾವುದು ಚಲೋರಿ?" ಪರಮಣ್ಣ ಕೇಳಿದ.

"ಗೊತ್ತಿಲ್ಲ."

ಗಂಡ ಹೆಂಡತಿ ಇಬ್ಬರೂ ಬೆಚ್ಚಿದರು. ಡಾಕ್ಟರು ಗೊತ್ತಿಲ್ಲ ಅನ್ನುವುದುಂಟೇ!

"ಎಕ್ಸ್‌ರೇ ತಗೀಬೇಕಂದ್ರ ಹೊಟ್ಟ್ಯಾಗ ಕೂಸದ. ಪುಸ್ತಕದಾಗ ಇದ್ದದ್ದು ಬ್ಯಾರೆ ದೇಶದ ಹೆಣ್ಮಕ್ಕಳ ಲೆಕ್ಕ, ಅವರ‍್ಯಾರೂ ಕೊಡ ಹೊತ್ತವರಲ್ಲ. ನನಗ ಕಲಿಸಿದ ಉಸ್ತಾದರಿಗಿ ಕೇಳಿದ್ರ ಒಬ್ಬರು ಆಪರೇಷನ್ ಅಂತಾರ, ಇನ್ನೊಬ್ಬರು ಕೂಸು ತಗಸು ಅಂತಾರ. ಇಬ್ಬರೂ ಶಾಣ್ಯಾರೇ!"

ಪರಮಣ್ಣ ಒಂದು ಕ್ಷಣವೂ ಯೋಚಿಸಲಿಲ್ಲ. "ಕೂಸು ಬ್ಯಾಡ್ರಿ. ತಗಸಿಬಿಡ್ರಿ."

ಆದೆಮ್ಮನ ಕಣ್ಣಿಗೆ ಕತ್ತಲೆ ಕವಿಯಿತು. ಇಷ್ಟು ಸಲೀಸಾಗಿ...! ಇಂದು ಕೂಸು ಬೇಡ, ನಾಳೆ ಇವಳೂ ಬೇಡ. ರೋಗಿಷ್ಟೆಯ ಮೇಲೆ ಇನ್ನೊಬ್ಬಳನ್ನು ತಂದವರು ಊರಲ್ಲಿ ಇಲ್ಲವೇ?

"ನನಗ ಕೂಸು ಬೇಕ್ರಿ ಸಾಹೇಬ್ರ," ಎಂದಳು. ಗಂಡನ ಕಡೆ ನೋಡಲಿಲ್ಲ.

ಡಾಕ್ಟರು ತಲೆದೂಗಿದರು. "ಹಂಗಾದ್ರ ಎರಡು ವಾರ ಗುಳಿಗಿ, ಉಪ್ಪಿಲ್ಲದ ಸಪ್ಪನ ಊಟ. ಕೊಡ ಮುಟ್ಟಬ್ಯಾಡ. ಆಮ್ಯಾಲ ಅಂಗಾತ ಮಲಗಾಕ ಬಂದ್ರ ಹಿಂಗ ನಡಸೋಣ. ಬರಲಿಲ್ಲಂದ್ರ ಆಪರೇಷನ್. ಆದ್ರ ಯವ್ವಾ, ನಿನ್ನ ಎದಿಯಾಗ ಏನು ನಡದದ ಅಂತ ನನಗ ನೀನೇ ಹೇಳಬೇಕು. ನೀ ಸುಳ್ಳು ಹೇಳಿದ್ರ ನಾ ಕುರುಡ."

ಆದೆಮ್ಮ ಗಂಡನ ಮನೆಗೆ ಹೋಗಲಿಲ್ಲ. ತವರಿಗೆ ಹೋಗಲು ದೇವದುರ್ಗದ ಬಸ್ಸು ಹತ್ತಿದಳು.

"ನಾನೂ ಬರ್ಲೇನು?" ಪರಮಣ್ಣ ಕಿಟಕಿಯ ಕೆಳಗೆ ನಿಂತು ಕೇಳಿದ.

"ಬ್ಯಾಡ್ರಿ."

ತವರಿನಲ್ಲಿ ದುರುಗಮ್ಮ ಎದೆ ಬಡಿದುಕೊಂಡಳು. "ಕುಬಸ ಇಲ್ಲ, ಹಸಿರು ಸೀರಿ ಇಲ್ಲ, ಬಸುರಿ ಹೆಣ್ಣಿನ್ನ ಹಿಂಗ ಕಳಿಸಿ ಕೈ ತೊಳಕೊಂಡನೇನು! ಇನ್ನೊಬ್ಬಾಕಿನ್ನ ತರ್ತಾನ ನೋಡು!"

ಆದೆಮ್ಮ ಗೋಡೆಗೆ ಮುಖ ಮಾಡಿ ಅತ್ತಳು. ಅತ್ತರೂ ದಮ್ಮು ಹತ್ತುತ್ತಿತ್ತು.

ಎರಡು ದಿನ ಕಳೆದಿರಲಿಲ್ಲ. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಪರಮಣ್ಣ ಬಾಗಿಲಲ್ಲಿ ನಿಂತಿದ್ದ!

"ಅತ್ತಿಯವರಿಗಿ ವಯಸ್ಸಾಗ್ಯದ. ಇಲ್ಲಿ ನೀರು ಯಾರು ತರಬೇಕು?" ಎಂದವನೇ ಕೊಡ ಎತ್ತಿಕೊಂಡು ಹೊರಟ.

ಬಾವಿಕಟ್ಟೆಯ ಹೆಂಗಸರಿಗೆ ಹಬ್ಬವೋ ಹಬ್ಬ. "ಮನಿ ಅಳಿಯ ಬಂದಾನ ನೋಡ್ರೇ, ತಲಿಮ್ಯಾಲ ಕೊಡ ಹೊತ್ತಾನ!" ಪರಮಣ್ಣ ಅವರೊಂದಿಗೆ ತಾನೂ ನಕ್ಕ. ಒಮ್ಮೆ ಕೊಡ ಜಾರಿ ಮೈಯೆಲ್ಲ ತೊಯ್ದು ಬಂದ. ಮರುದಿನ ಮತ್ತೆ ಹೋದ.

ಊಟಕ್ಕೆ ಕುಳಿತರೆ ಅವನ ತಟ್ಟೆಗೂ ಸಪ್ಪನೆಯ ಪಲ್ಯ.

"ನಿಮಗ್ಯಾಕ ಈ ಶಿಕ್ಷಾ? ಬ್ಯಾರೆ ಮಾಡ್ತೀನಿ," ಎಂದಳು ದುರುಗಮ್ಮ. ಅವಳ ಸಿಟ್ಟು ಅಷ್ಟರಲ್ಲಿ ಅರ್ಧ ಇಳಿದಿತ್ತು.

"ಒಂದ ಗಡಿಗ್ಯಾಗ ಮಾಡ್ರಿ. ಅಕಿ ಒಬ್ಬಾಕಿಗೇ ಸಪ್ಪನ ಉಣ್ಣಾಕ ಬ್ಯಾಸರಾಗತದ."

'ಇದು ಪ್ರೀತಿಯೋ, ನನ್ನ ಮನಸ್ಸು ತಿರುಗಿಸೋ ಉಪಾಯವೋ?' ಆದೆಮ್ಮನಿಗೆ ತಿಳಿಯಲಿಲ್ಲ.

ರಾಯಚೂರಿಗೆ ಹೊರಡುವ ಹಿಂದಿನ ಮಧ್ಯಾಹ್ನ. ಮನೆಯಲ್ಲಿ ಯಾರೂ ಇರಲಿಲ್ಲ. ಆದೆಮ್ಮ ಚಾಪೆಯ ಮೇಲೆ ಅಂಗಾತ ಮಲಗಿ ನೋಡಿದಳು. ಸ್ವಲ್ಪ ಹೊತ್ತಿಗೇ ಎದೆ ಬಿಗಿಯಿತು. ಕೆಮ್ಮು ಬಂತು. ತಡಬಡಿಸಿ ಎದ್ದು ಕುಳಿತಳು.

ನಿಜ ಹೇಳಿದರೆ ಎದೆಗೆ ಕತ್ತಿ. ಕೂಸು ಉಳಿಯುತ್ತದೋ ಇಲ್ಲವೋ, ತಾನಾದರೂ ಉಳಿಯುತ್ತಾಳೋ... ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ?

ಪರಮಣ್ಣ ಕೊಡ ಇಳಿಸಿ ಕೇಳಿದ. "ಮಲಗಾಕ ಬರಾಕತ್ತದೇನು?"

"ಬರಾಕತ್ತದ. ಈಗ ಆರಾಮದೀನಿ."

ಅವನು ವಾದಿಸುತ್ತಾನೆ, ಸುಳ್ಳಿ ಎನ್ನುತ್ತಾನೆ ಎಂದು ಕಾದಳು. ಅವನ ಮುಖ ಅರಳಿತು.

"ಖರೇನ? ಹಂಗಾದ್ರ ಸಾಹೇಬ್ರಿಗಿ ಹಂಗ ಹೇಳೋಣ. ಅವತ್ತು ಮಂದಿ ಮುಂದ ನಿನ್ನ ಸುಳ್ಳಿ ಅಂದೆ. ತಪ್ಪಾತು. ಇನ್ನ ನೀ ಹೇಳಿದ್ದೇ ಖರೆ."

ಅವನು ಜಗಳವಾಡಿದ್ದರೆ ಆದೆಮ್ಮ ಸುಳ್ಳನ್ನೇ ಹಿಡಿದು ನಿಲ್ಲುತ್ತಿದ್ದಳು. ನಂಬಿದ್ದನ್ನು ಮಾತ್ರ ತಾಳಲಾಗಲಿಲ್ಲ.

"ನಿಂದರ್ರಿ... ಸುಳ್ಳು ಹೇಳಿದೆ. ಮಲಗಾಕ ಆಗವಲ್ದು. ನನಗ ಅಂಜಿಕಿ ಬರಾಕತ್ತದ... ಬಾಳ ಅಂಜಿಕಿ!"

ಪರಮಣ್ಣ ಅವಳ ಪಕ್ಕದಲ್ಲಿ ಕುಸಿದು ಕುಳಿತ. "ನನಗೂ," ಎಂದ. ಆ ಮನೆಯಲ್ಲಿ ಹಗಲುಹೊತ್ತು ಗಂಡ ಹೆಂಡತಿ ಕೈ ಹಿಡಿದುಕೊಂಡು ಕುಳಿತದ್ದು ಅದೇ ಮೊದಲು.

ಮರುದಿನ ಡಾಕ್ಟರು ಎಲ್ಲ ಕೇಳಿಸಿಕೊಂಡು ಹೇಳಿದರು. "ಆಪರೇಷನ್. ಇದೇ ಸರಿ ಅಂತ ಆಣಿ ಮಾಡಿ ಹೇಳಂಗಿಲ್ಲ. ಆದ್ರ ಗುಳಿಗಿ ಸಾಲವಲ್ದು ಅನ್ನೂದು ಈಗ ಗೊತ್ತಾತು. ತಡ ಮಾಡಿದಷ್ಟು ಕಷ್ಟ." ಅವಳೆದುರೇ ಹೈದರಾಬಾದಿಗೆ ಟ್ರಂಕ್ ಕಾಲ್ ಬುಕ್ ಮಾಡಿದರು.

ಓದುಗರು ಗಾಬರಿಯಾಗುವುದು ಬೇಡ, ಆದೆಮ್ಮ ಬದುಕಿದಳು. ಸರ್ಜನ್ ಎಡ ಪಕ್ಕೆ ಕೊಯ್ದು, ಹೃದಯದೊಳಗೆ ಬೆರಳು ತೂರಿಸಿ ಬಾಗಿಲು ಅಗಲ ಮಾಡಿದರು. ದಿನ ತುಂಬಿ ಮಗಳು ಹುಟ್ಟಿದಳು. ಸಲಾವುದ್ದೀನರು ಮಾತ್ರ ಬೀಗಲಿಲ್ಲ. "ಒಬ್ಬಾಕಿ ಬದುಕಿದಳಂತ ಎಲ್ಲಾರಿಗೂ ಇದೇ ದಾರಿ ಅಂತ ತಿಳೀಬ್ಯಾಡ್ರಿ," ಎಂದು ಕಿರಿಯ ಡಾಕ್ಟರರಿಗೆ ಎಚ್ಚರಿಸುತ್ತಿದ್ದರು.

ಆದರೆ ಹೇಳಲೇಬೇಕಾದದ್ದು ಆಪರೇಷನ್ನಿನ ಹಿಂದಿನ ಸಂಜೆಯ ಮಾತು. ಹೈದರಾಬಾದಿನ ವಾರ್ಡಿನಲ್ಲಿ ಆದೆಮ್ಮ ದಿಂಬಿಗೆ ಒರಗಿ ಕುಳಿತಿದ್ದಳು. ಪರಮಣ್ಣ ಸ್ಟೂಲಿನ ಮೇಲಿದ್ದ.

"ಒಂದು ಕೇಳ್ಲೇನ್ರಿ? ಅವತ್ತು ಕೂಸು ಬ್ಯಾಡ ಅಂತ ಯಾಕಂದ್ರಿ? ವಿಚಾರ ಸೈತ ಮಾಡಲಿಲ್ಲ..."

ಪರಮಣ್ಣ ತನ್ನ ಅಂಗೈ ನೋಡಿಕೊಳ್ಳುತ್ತ ಹೇಳಿದ.

"ಕೂಸಿನ ಮಾರಿ ನಾ ಇನ್ನಾ ನೋಡಿಲ್ಲ, ಆದೆಮ್ಮ. ನಿನ್ನ ಮಾರಿ ನೋಡೀನಿ."

ಅವಳ ಕಣ್ಣು ತುಂಬಿ ಬಂತು. "ಇಷ್ಟು ದಿನ ಇದನ್ನ ಹೇಳಾಕ ಏನಾಗಿತ್ತು ನಿಮಗ?"

"ಹೇಳಿದ್ರ ನಂಬ್ತಿದ್ದೇನು?"

"ಇಲ್ಲ," ಎಂದಳು. ಅಳುತ್ತಲೇ ನಕ್ಕಳು.

"ಈಗ?"

"ಈಗ ನಂಬೀನಿ. ಇತ್ತಾಗ ಸರೀರಿ... ನರ್ಸಮ್ಮ ಬರೂದರೊಳಗ."